ಗುಡ್ಡದ ದಾರಿಗೆ ಪುಟ್ಟ ಚಕ್ರದ ಲೆಕ್ಕ

ಮಕ್ಕಳನ್ನು ಕಟ್ಟಿಕೊಂಡು ಗುಡ್ಡದ ದಾರಿಯಲ್ಲಿ ಸೈಕಲ್ ಹೊಡೆಯಲು ಹೋದ ದಿನ ಕೆಡುವುದು ಹೆಚ್ಚಾಗಿ ಕಾರಿಗೆ ವಾಪಸಾಗುವ ಕೊನೆಯ ಅರ್ಧ ಗಂಟೆಯಲ್ಲಿ. ಆ ಹೊತ್ತಿಗೆ ನೀರು ಮುಗಿದಿರುತ್ತದೆ, ಬಿಸಿಲು ಏರಿರುತ್ತದೆ, ಆರು ವರ್ಷದ ಮಗು ದಾರಿ ಮಧ್ಯೆ ಸೈಕಲ್ ಕೆಡವಿ ಹಟ ಹಿಡಿದು ಕೂತುಬಿಟ್ಟಿರುತ್ತದೆ. ಇನ್ನೆರಡು ಕಿಲೋಮೀಟರ್ ಎಂದರೆ ದೊಡ್ಡವರಿಗೆ ಹತ್ತು ನಿಮಿಷದ ಮಾತು, ಆ ಮಗುವಿಗೆ ಮುಗಿಯದ ದಾರಿ. ಆದ್ದರಿಂದ ನಕ್ಷೆ ಹರಡಿಕೊಂಡು ಕೂತಾಗ ಮೊದಲು ಗುರುತು ಹಾಕಬೇಕಾದ್ದು ಎಲ್ಲೆಲ್ಲಿಂದ ಬೇಗ ವಾಪಸಾಗಬಹುದು ಎಂಬ ಜಾಗಗಳನ್ನು. ಎಲ್ಲಿಗೆ ಹೋಗೋಣ ಎಂಬುದು ಆಮೇಲೆ.

ವೇಗದ ಲೆಕ್ಕ ಹೀಗೆ. 16 ಇಂಚಿನ ಚಕ್ರದ ಸೈಕಲ್ ತುಳಿಯುವ ಮಗು ಸಮತಟ್ಟಾದ ಮಣ್ಣುದಾರಿಯಲ್ಲಿ ಗಂಟೆಗೆ ಆರೇಳು ಕಿಲೋಮೀಟರ್ ಹೋದೀತು. ನೀರಿಗೆ, ಮೂತ್ರಕ್ಕೆ, ಕಲ್ಲು ಆರಿಸುವುದಕ್ಕೆ, ಇರುವೆ ಸಾಲು ನೋಡುವುದಕ್ಕೆ ನಿಲ್ಲುವ ಹೊತ್ತನ್ನೂ ಸೇರಿಸಿದರೆ ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರ್ ಅಷ್ಟೇ. 20 ಇಂಚಿಗೆ ಬಂದ ಏಳೆಂಟು ವರ್ಷದವರು ಇನ್ನೊಂದೆರಡು ಕಿಲೋಮೀಟರ್ ಹೆಚ್ಚು ಹೋಗುತ್ತಾರೆ. ಇಬ್ಬರು ಮಕ್ಕಳಿದ್ದರೆ ಸರಾಸರಿ ತೆಗೆಯಲು ಹೋಗಬೇಡಿ. ಚಿಕ್ಕ ಚಕ್ರ ಎಷ್ಟು ಹೋಗುತ್ತದೋ ಮನೆಯವರೆಲ್ಲ ಅಷ್ಟೇ. ಮೊದಲ ಸಲಕ್ಕೆ ಒಟ್ಟು ಐದಾರು ಕಿಲೋಮೀಟರ್ ಸಾಕು, ಒಟ್ಟು ಏರು ಐವತ್ತು ಅರವತ್ತು ಮೀಟರ್ ಮೀರದಿದ್ದರೆ ಒಳ್ಳೆಯದು.

ಅದನ್ನು ಒಂದೇ ದೊಡ್ಡ ಸುತ್ತಾಗಿ ಹಾಕಿಕೊಂಡರೆ ನಡುದಾರಿಯಲ್ಲಿ ಸಿಕ್ಕಿಬಿದ್ದ ಹಾಗೆ. ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ. ಕಾರು ನಿಲ್ಲಿಸಿದ ಜಾಗವನ್ನೇ ನಡುವೆ ಇಟ್ಟುಕೊಂಡು ಎರಡು ಮೂರು ಕಿಲೋಮೀಟರಿನ ಎರಡು ಚಿಕ್ಕ ಸುತ್ತು ಹಾಕಿ. ಮೊದಲ ಸುತ್ತು ಮುಗಿದಾಗ ಕಾರಿನ ಪಕ್ಕ ಬಂದಿರುತ್ತೀರಿ, ಮುಂದಿನದು ಬೇಕೋ ಬೇಡವೋ ಅಲ್ಲೇ ತೀರ್ಮಾನವಾಗುತ್ತದೆ. ಹೋದ ದಾರಿಯಲ್ಲೇ ಬರುವುದಾದರೆ ಏರು ಮೊದಲು ಬರಲಿ. ಶುರುವಿನಲ್ಲೇ ಇಳಿಜಾರು ಸಿಕ್ಕಿದರೆ ಮಕ್ಕಳು ಕೇಕೆ ಹಾಕಿಕೊಂಡು ಇಳಿಯುತ್ತಾರೆ. ಆದರೆ ಅದೇ ಇಳಿಜಾರು ವಾಪಸ್ ಬರುವಾಗ ಏರಾಗಿ ನಿಂತಿರುತ್ತದೆ, ಅದೂ ಕಾಲು ಸೋತ ಹೊತ್ತಿನಲ್ಲಿ. ಇದ್ದ ಸಮಯದಲ್ಲಿ ಐದರಲ್ಲಿ ಎರಡು ಪಾಲು ಮುಗಿಯುತ್ತಿದ್ದಂತೆ, ಎಲ್ಲಿದ್ದರೂ ಸರಿ, ತಿರುಗಿಬಿಡಿ.

ದಾರಿ ಎಷ್ಟು ಕಷ್ಟ ಎಂದು ಹೇಳುವ ನಕ್ಷೆಯ ಬಣ್ಣಗಳನ್ನು ಮಗುವಿನ ಚಕ್ರಕ್ಕೆ ಹಿಡಿದು ಓದಬೇಕು. ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ನಿನ ಪದ್ಧತಿಯಲ್ಲಿ ಹಸಿರು ವೃತ್ತದ ಟ್ರೇಲ್ (ಸೈಕಲ್ ದಾರಿ) ಎಂದರೆ ಸರಾಸರಿ ಏರು ಶೇ 5ರೊಳಗೆ, ತಪ್ಪಿಸಿಕೊಳ್ಳಲಾಗದ ಕಲ್ಲು-ಬೇರುಗಳ ಎತ್ತರ 2 ಇಂಚಿನೊಳಗೆ. ನೀಲಿ ಚೌಕಕ್ಕೆ ಬಂದರೆ ಏರು ಶೇ 10ರವರೆಗೆ, ಅಡ್ಡಿ 8 ಇಂಚಿನವರೆಗೆ. ದೊಡ್ಡವರ 29 ಇಂಚಿನ ಚಕ್ರ ಎಂಟಿಂಚಿನ ಕಲ್ಲನ್ನು ಹೇಗೋ ಹತ್ತಿ ಇಳಿಯುತ್ತದೆ. 16 ಇಂಚಿನ ಚಕ್ರದ ಅಚ್ಚು ಇರುವುದೇ ನೆಲದಿಂದ ಎಂಟಿಂಚು ಮೇಲೆ. ಆ ಮಗುವಿಗೆ ಅದು ಗೋಡೆ. ‘ನೀಲಿ ಸುಲಭ, ನಾವೇ ಹೋಗಿ ಬಂದಿದ್ದೇವೆ’ ಎನ್ನುವವರ ಮಾತನ್ನು ಇಲ್ಲಿ ನಂಬುವಂತಿಲ್ಲ. ಬಣ್ಣಗಳ ಅರ್ಥವೂ ಎಲ್ಲೆಡೆ ಒಂದೇ ಅಲ್ಲ, ಟ್ರೇಲ್ ಶುರುವಾಗುವಲ್ಲಿನ ಫಲಕ ಓದಿಯೇ ಮುಂದೆ ಹೋಗಿ. ಹಿಂದಿನ ದಿನ ಮಳೆ ಬಿದ್ದಿದ್ದರೆ ಹಸಿರು ದಾರಿಯ ಬೇರುಗಳೂ ಜಾರುತ್ತವೆ, ಒದ್ದೆ ಮಣ್ಣಿನಲ್ಲಿ ಚಕ್ರ ಹೂತು ದಾರಿಯೂ ಹಾಳಾಗುತ್ತದೆ. ಅಂಥ ದಿನ ಮುಂದೂಡುವುದೇ ಸರಿ.

ಇನ್ನು ಸೈಕಲ್. ಬೆಳೆಯುವ ಮಗು ಎಂದು ಒಂದು ಸೈಜ್ ದೊಡ್ಡದು ಕೊಡಿಸುವುದು ಬಟ್ಟೆಗೆ ನಡೆಯುತ್ತದೆ, ಗುಡ್ಡದ ದಾರಿಗೆ ನಡೆಯುವುದಿಲ್ಲ. ಸೀಟಿನಿಂದ ಮುಂದೆ ಇಳಿದು ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೂರಿ, ಮೇಲಿನ ಪೈಪಿಗೂ ಮಗುವಿಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಉಳಿಯಬೇಕು. ಕಡಿಮೆ ಬೆಲೆಯ ಚಿಕ್ಕ ಸೈಕಲ್‌ಗಳಿಗೆ ಹಾಕುವ ಸಸ್ಪೆನ್ಷನ್ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗಿನ ಕವೆ, ಬರೀ ಭಾರ. ಅದರ ಸ್ಪ್ರಿಂಗು 20 ಕೆಜಿ ಮಗುವಿನ ತೂಕಕ್ಕೆ ಕದಲುವುದೇ ಇಲ್ಲ. 10 ಕೆಜಿಯ ಸೈಕಲ್ ಎಂದರೆ ಆ ಮಗು ತನ್ನ ತೂಕದ ಅರ್ಧದಷ್ಟನ್ನು ಏರಿಗೆ ಎಳೆದುಕೊಂಡು ಹೋಗಬೇಕು. ಗಟ್ಟಿ ಫೋರ್ಕ್, ಅಗಲ ಟೈರು, ಹಗುರ ಫ್ರೇಮ್ ಇದ್ದರೆ ಸಾಕು. ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಚಿಕ್ಕ ಸೈಕಲ್‌ಗಳು ಇಳಿಜಾರಿಗೆ ಬೇಡ. ಪೆಡಲನ್ನು ಹಿಂದೆ ತಿರುಗಿಸಿ ಸರಿಯಾದ ಜಾಗಕ್ಕೆ ತಂದುಕೊಳ್ಳಲಾಗದು, ಉದ್ದ ಇಳಿಜಾರಿನಲ್ಲಿ ಚಕ್ರದ ನಡುವಿನ ಹಬ್ ಕಾದು ಹಿಡಿತವೂ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಬ್ರೇಕ್ ಲಿವರಿಗೆ. ಮಗುವನ್ನು ಸೀಟಿನ ಮೇಲೆ ಕೂರಿಸಿ, ಅಂಗೈ ಹಿಡಿಕೆಯ ಮೇಲಿಟ್ಟು ತೋರುಬೆರಳು ಚಾಚಲು ಹೇಳಿ. ಬೆರಳಿನ ಮೊದಲ ಗೆಣ್ಣು ಲಿವರಿನ ಮೇಲೆ ಮಡಚಿ ಕೂರಬೇಕು. ತುದಿ ಮಾತ್ರ ತಾಗುತ್ತಿದ್ದರೆ ಇಳಿಜಾರಿನಲ್ಲಿ ಆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಲಿವರಿನ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ: ರಿಮ್ಮನ್ನು ಹಿಡಿಯುವ ವಿ-ಬ್ರೇಕ್ ಆದರೆ ಸ್ಕ್ರೂಡ್ರೈವರ್ ಹಿಡಿಸುವಂಥದ್ದು ಅಥವಾ ಚಿಕ್ಕ ಆಲನ್ ಕೀಯದ್ದು, ಡಿಸ್ಕ್ ಬ್ರೇಕ್ ಆದರೆ ಸಾಮಾನ್ಯವಾಗಿ 2 ಅಥವಾ 2.5 ಮಿಮೀ ಆಲನ್ ಕೀಯದ್ದು. ಅದನ್ನು ತಿರುಗಿಸಿ ಲಿವರನ್ನು ಹಿಡಿಕೆಯ ಹತ್ತಿರ ತರಬಹುದು. ಕೇಬಲ್ ಬ್ರೇಕಿನಲ್ಲಿ ಹೀಗೆ ಹತ್ತಿರ ತಂದ ಮೇಲೆ ಕೇಬಲಿನ ಬಿಗಿಯನ್ನೂ ಮತ್ತೆ ಹೊಂದಿಸಬೇಕು, ಪೂರ್ತಿ ಹಿಡಿಯುವ ಮೊದಲೇ ಲಿವರ್ ಹಿಡಿಕೆಗೆ ತಾಗಬಾರದು. ಕೊನೆಗೆ ಮಗು ಒಂದೇ ಬೆರಳಿನಲ್ಲಿ ಹಿಡಿದಿರುವಾಗ ಸೈಕಲನ್ನು ಮುಂದಕ್ಕೆ ತಳ್ಳಿ ನೋಡಿ, ಚಕ್ರ ತಿರುಗಬಾರದು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಹವಾ ಒತ್ತಡದ (ಪಿಎಸ್‌ಐ) ದೊಡ್ಡ ಅಂಕಿ ಟೈರು ತಾಳುವ ಮಿತಿ. ಮಗುವಿನ ತೂಕಕ್ಕೆ ಬೇಕಾದ ಹವಾ ಅಲ್ಲ. 60 ಪಿಎಸ್‌ಐ ತುಂಬಿಸಿದರೆ 20 ಕೆಜಿಯ ಮಗು ಪ್ರತಿ ಕಲ್ಲಿನ ಮೇಲೂ ಪುಟಿಯುತ್ತದೆ. ಟೈರಿನ ಮೇಲೆ ಬರೆದಿರುವ ಕನಿಷ್ಠದಿಂದ ಶುರು ಮಾಡಿ. ಎರಡು ಇಂಚು ಅಗಲದ, ಕಡಿಮೆ ಹವಾ ಒಪ್ಪುವ ಟೈರಾದರೆ 20 ಪಿಎಸ್‌ಐ ಆಸುಪಾಸು ಸಾಕಾಗುತ್ತದೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ.

ಪಂಕ್ಚರ್ ಸಾಮಾನಿನಲ್ಲಿ ಎಡವಟ್ಟಾಗುವುದು ಅಳತೆಯಲ್ಲಿ. ಮನೆಯಲ್ಲಿ ಮೂರು ಸೈಜಿನ ಚಕ್ರವಿದ್ದರೆ ಮೂರು ಸೈಜಿನ ಟ್ಯೂಬ್ ಬೇಕು. ಮಕ್ಕಳ ಸೈಕಲ್‌ಗಳಲ್ಲಿ ಹೆಚ್ಚಾಗಿ ಕಾರಿನ ಟೈರಿನಂಥ ದಪ್ಪ ವಾಲ್ವ್, ದೊಡ್ಡವರದರಲ್ಲಿ ಸಣ್ಣ ಪ್ರೆಸ್ಟಾ ವಾಲ್ವ್. ಪಂಪು ಎರಡಕ್ಕೂ ಕೂರುತ್ತದೆಯೇ ಎಂದು ಮನೆಯಲ್ಲೇ ಹಾಕಿ ನೋಡಿ. ಇನ್ನೊಂದು ವಿಷಯ ಎಷ್ಟೋ ಜನರ ಲಕ್ಷ್ಯಕ್ಕೇ ಬರುವುದಿಲ್ಲ. ಚಿಕ್ಕ ಸೈಕಲ್‌ಗಳ ಹಿಂದಿನ ಚಕ್ರ ಬಹುಪಾಲು ನಟ್ಟಿನಿಂದ ಬಿಗಿದದ್ದು, ಅದಕ್ಕೆ 15 ಮಿಮೀ ಪಾನಾ ಬೇಕು. ಜೇಬಿನ ಮಲ್ಟಿಟೂಲಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಟ್ಯೂಬು, ಪಂಪು, ಟೈರ್ ಲಿವರು ಎಲ್ಲ ಇದ್ದೂ ಚಕ್ರ ಬಿಚ್ಚಲಾಗದೆ ಸೈಕಲ್ ಹೊತ್ತು ತರುವ ಪಾಡು ಬರುವುದು ಹೀಗೆ. ಗೇರಿನ ಸೈಕಲ್ ಆದರೆ ಡಿರೇಲರ್ ಹ್ಯಾಂಗರ್ (ಹಿಂದೆ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ಲೋಹದ ಚೂರು) ಒಂದು ಹೆಚ್ಚುವರಿ ಇರಲಿ, ಒಂದು ಮಾಡೆಲಿನದು ಇನ್ನೊಂದಕ್ಕೆ ಕೂರುವುದಿಲ್ಲ. ಮಕ್ಕಳು ಸೈಕಲನ್ನು ಎತ್ತ ಬೇಕಾದರತ್ತ ಬೀಳಿಸುತ್ತಾರೆ. ಚೈನಿನ ಭಾಗ ಮೇಲೆ ಬರುವಂತೆ ಮಲಗಿಸುವುದನ್ನು ಮೊದಲೇ ಹೇಳಿಕೊಟ್ಟರೆ ಹ್ಯಾಂಗರ್ ಬಾಗುವುದು ಕಡಿಮೆಯಾಗುತ್ತದೆ.

ಕಾರಿಗೆ ತುಂಬುವಾಗ ಮುಂದಿನ ಚಕ್ರ ಬಿಚ್ಚಿದರೆ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಒಂದು ರಟ್ಟಿನ ಚೂರು ಸಿಕ್ಕಿಸಿ. ಚಕ್ರವಿಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿ, ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾರೆ ಎಂದರೆ ಯಾರಾದರೂ ಒತ್ತಿಯೇ ಒತ್ತುತ್ತಾರೆ.

ಇನ್ನೂ ಪೆಡಲ್ ತುಳಿಯದ ತಮ್ಮನೋ ತಂಗಿಯೋ ಇದ್ದರೆ ದಾರಿಯನ್ನು ಅವರೇ ತೀರ್ಮಾನಿಸುತ್ತಾರೆ. ಒಂದು ವರ್ಷದೊಳಗಿನ ಕೂಸಿಗೆ ಸೈಕಲ್ ಹಿಂದೆ ಎಳೆಯುವ ಗಾಡಿಯಂಥ ಟ್ರೇಲರೂ ಬೇಡ, ಸೈಕಲ್ಲಿಗೆ ಕಟ್ಟುವ ಮಕ್ಕಳ ಸೀಟೂ ಬೇಡ. ಕುಲುಕಾಟ ತಡೆಯುವಷ್ಟು ಕತ್ತು ಬಲಿತಿರುವುದಿಲ್ಲ. ಎರಡು ಚಕ್ರದ ಟ್ರೇಲರ್ ಅಗಲ ಮಣ್ಣುರಸ್ತೆಗೆ ಸರಿ. ಕಿರಿದಾದ ಕಾಲುದಾರಿಯಲ್ಲಿ ಅದರ ಒಂದು ಚಕ್ರ ಕಲ್ಲು ಹತ್ತಿದರೆ ತಿರುವಿನಲ್ಲಿ ಮಗುಚಿಕೊಳ್ಳುತ್ತದೆ.

ಹೊರಡುವ ವಾರ ಹುಲ್ಲಿನ ಮೇಲೆ ಮೂರು ವಿಷಯ ಅಭ್ಯಾಸ ಮಾಡಿಸಿ. ಎರಡೂ ಬ್ರೇಕನ್ನು ಒಟ್ಟಿಗೆ, ಮೆತ್ತಗೆ ಹಿಡಿಯುವುದು. ಎರಡು ಪೆಡಲನ್ನೂ ಒಂದೇ ಮಟ್ಟಕ್ಕೆ ತಂದು, ಸೀಟಿನಿಂದ ಎದ್ದು, ಮೊಣಕಾಲು ಸಡಿಲ ಬಿಟ್ಟು ಉರುಳುವುದು. ಇಳಿಜಾರಿನಲ್ಲಿ ನಿಂತು, ಇಳಿದು, ತಳ್ಳಿಕೊಂಡು ಹೋಗುವುದು. ಮೂರನೆಯದನ್ನು ಯಾರೂ ಕಲಿಸುವುದಿಲ್ಲ. ಕಷ್ಟವಾದ ಜಾಗದಲ್ಲಿ ಇಳಿದು ನಡೆದರೆ ಸೋತಂತೆ ಎಂದು ಮಕ್ಕಳು ತಿಳಿದಿರುತ್ತಾರೆ. ದೊಡ್ಡವರೇ ಒಂದೆರಡು ಕಡೆ ಇಳಿದು ತಳ್ಳಿ ತೋರಿಸಿದರೆ ಆ ಗೊಡವೆ ಇರುವುದಿಲ್ಲ.

ಹೆಲ್ಮೆಟ್ಟಿನ ಮುಂಭಾಗ ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಬಾಯಿ ಅಗಲಿಸಿದಾಗ ಹೆಲ್ಮೆಟ್ ನೆತ್ತಿಯನ್ನು ಒತ್ತಬೇಕು. ಸೈಕಲ್ ಬಿಟ್ಟು ಮರ ಹತ್ತಲೋ ಜಾರುಬಂಡೆಗೋ ಓಡಿದಾಗ ಅದನ್ನು ಬಿಚ್ಚಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಗಲ್ಲದ ಪಟ್ಟಿ ಕೊರಳಿಗೆ ಬಿಗಿಯುತ್ತದೆ.

ದಾರಿಯಲ್ಲಿ ಒಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ. ಮುಂದಿನವರು ಪ್ರತಿ ಕವಲಿನಲ್ಲೂ ಎಲ್ಲರೂ ಬರುವವರೆಗೆ ನಿಲ್ಲಬೇಕು. ಹಿಂದಿದ್ದವರು ಬಂದ ಕೂಡಲೇ ಹೊರಟುಬಿಟ್ಟರೆ ಕೊನೆಯ ಮಗುವಿಗೆ ವಿಶ್ರಾಂತಿಯೇ ಸಿಗುವುದಿಲ್ಲ, ಹೆಚ್ಚು ದಣಿದಿರುವುದೂ ಅದೇ. ಇಳಿಜಾರಿನಲ್ಲಿ ಮಗುವಿನ ಬೆನ್ನಿಗೇ ಅಂಟಿಕೊಂಡು ಹೋಗಬೇಡಿ, ಕಡಿಮೆಯೆಂದರೂ ಹತ್ತು ಮೀಟರ್ ಅಂತರವಿರಲಿ. ಮಗು ಬಿದ್ದರೆ ದೊಡ್ಡವರ ಸೈಕಲ್ ಅದರ ಮೇಲೆಯೇ ಹೋಗುತ್ತದೆ.

ಏರಿಗೆ ಎಳೆಯುವ ಎಲಾಸ್ಟಿಕ್ ಹಗ್ಗ ಬಹಳ ಉಪಕಾರಿ. ಒಂದು ತುದಿ ದೊಡ್ಡವರ ಸೀಟಿನ ಕೊಳವೆಗೆ, ಇನ್ನೊಂದು ಮಗುವಿನ ಹ್ಯಾಂಡಲಿನ ನಡುವಿನ ಸ್ಟೆಮ್ಮಿಗೆ. ಕುಣಿಕೆ ಬ್ರೇಕ್ ಕೇಬಲನ್ನು ಹಿಡಿದೆಳೆಯದಂತೆ ನೋಡಿ. ಹಗ್ಗ ಸಡಿಲವಾದರೆ ಜೋತುಬಿದ್ದು ಮಗುವಿನ ಮುಂದಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಏರು ಮುಗಿಯುತ್ತಲೇ, ಇಳಿಯುವ ಮೊದಲೇ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಿ. ಎಳೆಯುತ್ತಿರುವಾಗ ಥಟ್ಟನೆ ಬ್ರೇಕ್ ಹಾಕುವಂತಿಲ್ಲ. ‘ನಿಲ್ತಾ ಇದ್ದೀನಿ’ ಎಂದು ಕೂಗಿ ಹೇಳಿ, ನಿಧಾನವಾಗಿ ನಿಲ್ಲಿಸಿ. ಈ ಹಗ್ಗವನ್ನು ಮೊದಲ ಏರಿನಲ್ಲೇ ತೆಗೆದರೆ ಮುಂದಿನ ಪ್ರತಿ ಏರಿಗೂ ಬೇಡಿಕೆ ಬರುತ್ತದೆ. ಬ್ಯಾಗಿನ ತಳದಲ್ಲಿಡಿ, ವಾಪಸ್ ಬರುವಾಗಿನ ಏರಿಗೆ.

ನೀರು ಮಗುವಿಗೆ ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ ಒಯ್ಯಿರಿ, ಕಾಲು ಗಂಟೆಗೊಮ್ಮೆ ಎರಡು ಗುಟುಕು ಕುಡಿಸಿ. ಬಾಯಾರಿಕೆ ಎಂದು ಕೇಳುವವರೆಗೆ ಕಾಯಬೇಡಿ. ತಿಂಡಿಯೂ ಹಾಗೆಯೇ, ಮುಕ್ಕಾಲು ಗಂಟೆಗೊಮ್ಮೆ ಒಂದಿಷ್ಟು. ಹಣ್ಣಾದ ಬಾಳೆಹಣ್ಣು ಬ್ಯಾಗಿನಲ್ಲಿ ಏನಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ, ಡಬ್ಬಿಯಲ್ಲಿಡಿ.

ಬೀಳುವುದು ಇದ್ದದ್ದೇ. ತರಚು ಗಾಯಕ್ಕೆ ಶುದ್ಧ ನೀರು, ಗಾಜ್, ಅಂಟುಪಟ್ಟಿ ಸಾಕು. ಮರಳು ಉಳಿಯದಂತೆ ತೊಳೆಯುವುದು ಮುಖ್ಯ. ಉದ್ದ ಇಳಿಜಾರಿನ ನಂತರ ಡಿಸ್ಕ್ ಸುಡುವಷ್ಟು ಕಾದಿರುತ್ತದೆ, ಮಕ್ಕಳ ಬೆರಳು ಅಲ್ಲಿಗೆ ಹೋಗದಿರಲಿ. ಹೆಚ್ಚು ಹೆದರಬೇಕಾದ್ದು ಹ್ಯಾಂಡಲಿನ ತುದಿಗೆ. ಬಿದ್ದಾಗ ಹ್ಯಾಂಡಲ್ ತಿರುಗಿ ಹೊಟ್ಟೆಗೆ ಚುಚ್ಚಿದರೆ ಚರ್ಮದ ಮೇಲೆ ಒಂದು ಚಿಕ್ಕ ಉಂಗುರದ ಗುರುತು ಮಾತ್ರ ಕಾಣಬಹುದು, ಒಳಗೆ ಗುಲ್ಮಕ್ಕೋ ಪಿತ್ತಜನಕಾಂಗಕ್ಕೋ ಪೆಟ್ಟಾಗಿರಬಹುದು. ಹೊಟ್ಟೆನೋವು, ವಾಂತಿ, ಮುಖ ಬಿಳಿಚುವುದು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತುದಿಯ ಬಿರಡೆ ಕಳಚಿಹೋಗಿದ್ದರೆ ಅಥವಾ ಹಿಡಿಕೆಯ ರಬ್ಬರು ಹರಿದು ಲೋಹ ಹೊರಗೆ ಬಂದಿದ್ದರೆ ಅದನ್ನು ಬದಲಿಸದೆ ಸೈಕಲ್ ಹೊರಗೆ ತೆಗೆಯಬೇಡಿ. ತಲೆಗೆ ಪೆಟ್ಟಾಗಿ ಮಗು ಮಂಕಾದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ವಾಂತಿ ಮಾಡಿದರೆ ಅಂದಿಗೆ ಸೈಕಲ್ ಮುಗಿಯಿತು, ವೈದ್ಯರು ನೋಡಲೇಬೇಕು. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಹಾಕಿಸಬೇಡಿ. ಒಳಗಿನ ಫೋಮ್ ಒಮ್ಮೆ ಕುಸಿದರೆ ಮತ್ತೆ ಎದ್ದೇಳುವುದಿಲ್ಲ.

ಕಾರಿನ ಹತ್ತಿರ ಬಂದ ಮೇಲೆ ಮೊದಲು ಮಕ್ಕಳಿಗೆ ಒಣಬಟ್ಟೆ, ನೀರು. ಸೈಕಲ್ ಕಟ್ಟುವುದು ಆಮೇಲೆ. ಮನೆಗೆ ಬಂದ ಸಂಜೆ ಚಕ್ರ ತಿರುಗಿಸುತ್ತಾ ಟೈರಿನ ಮೇಲೆ ಕಣ್ಣಾಡಿಸಿ ಮುಳ್ಳು ಕೀಳಿ, ಸೀಟಿನ ಎತ್ತರ ಇನ್ನೊಮ್ಮೆ ನೋಡಿ, ಬಳಸಿದ ಟ್ಯೂಬಿನ ಜಾಗಕ್ಕೆ ಅದೇ ಸೈಜಿನ ಹೊಸದನ್ನು ಆಗಲೇ ಬ್ಯಾಗಿಗೆ ಹಾಕಿಡಿ.