ಒದ್ದೆ ಕೌದಿ, ಹಾಲಿನ ಪ್ಯಾಕೆಟ್ಟು ಮತ್ತು ಕತ್ತಲಲ್ಲಿ ಕೇಳಿದ ಕಥೆ

ಧಾರವಾಡದ ಮಳೆಗಾಲದಲ್ಲಿ ಒದ್ದೆಯಾದ ಕೌದಿ ಎರಡು ದಿನವಾದರೂ ಒಣಗುವುದಿಲ್ಲ. ಅದನ್ನು ಅಂಗಳದ ತಂತಿಯ ಮೇಲೆ ಹರವಿದಾಗಲೆಲ್ಲ ನಿದ್ದೆಯಲ್ಲಿ ಮೂತ್ರ ಮಾಡಿಕೊಳ್ಳುವ ಏಳು ವರ್ಷದ ನನ್ನ ಮಗ ಬಾಗಿಲ ಹಿಂದೆ ನಿಂತು, ಓಣಿಯ ಗೆಳೆಯರು ಕಂಡುಬಿಟ್ಟಾರೆಂದು ಹೆದರುತ್ತಿದ್ದ. "ಅವ್ವಾ, ನಾ ಬೇಕಂತ ಮಾಡಿಲ್ಲ" ಎಂದು ಅವನು ಒಂದು ಬೆಳಿಗ್ಗೆ ಅತ್ತಾಗ, ಅದು ಅವನ ತಪ್ಪಲ್ಲವೆಂಬುದನ್ನು ನಾವು ಯಾರೂ ಅವನಿಗೆ ತಿಳಿಯುವಂತೆ ಹೇಳಿಯೇ ಇಲ್ಲವೆಂಬುದು ನನಗೆ ಹೊಳೆಯಿತು.

ಮೊದಲು ಮೂತ್ರಪಿಂಡ, ಮೂತ್ರಕೋಶ ಮತ್ತು ಮೆದುಳಿನ ಚಿತ್ರ ಬರೆದು ತೋರಿಸಿದೆ. ಅವನು ತಲೆಯಾಡಿಸಿದನೇ ಹೊರತು ಏನನ್ನೂ ಕೇಳಲಿಲ್ಲ. ಮರುದಿನ ಬಚ್ಚಲಿನಲ್ಲಿ, ಮೂಲೆ ಕತ್ತರಿಸಿದ ಖಾಲಿ ಹಾಲಿನ ಪ್ಯಾಕೆಟ್ಟಿಗೆ 240 ಮಿಲಿಲೀಟರ್ ನೀರು ಹೊಯ್ದೆವು. ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿದರೆ ಮಗುವಿನ ಮೂತ್ರಕೋಶ ಹಿಡಿಯಬಹುದಾದ ಪ್ರಮಾಣದ ಅಂದಾಜು ಸಿಗುತ್ತದೆ. ಆ ಮೂಲೆಯನ್ನು ಬಿಗಿಯಾಗಿ ಹಿಡಿದು ನಿಂತವನು, "ನಿದ್ದ್ಯಾಗ ಕೈ ಸಡಿಲ ಆದ್ರ?" ಎಂದು ಕೇಳಿದ. ಚಿತ್ರದಿಂದ ಹೊರಡದ ಪ್ರಶ್ನೆ ಕೈಯಿಂದ ಹೊರಟಿತ್ತು. ರಾತ್ರಿ ಮೂತ್ರದ ಪ್ರಮಾಣವನ್ನು ತಗ್ಗಿಸುವ ವಾಸೋಪ್ರೆಸಿನ್ ಎಂಬ ಹಾರ್ಮೋನು ಕೆಲವು ಮಕ್ಕಳಲ್ಲಿ ಸಾಕಷ್ಟು ಏರುವುದಿಲ್ಲ, ಚೀಲ ತುಂಬಿದೆಯೆಂಬ ಸುದ್ದಿ ಗಾಢನಿದ್ದೆಯಲ್ಲಿರುವ ಮೆದುಳನ್ನು ಎಬ್ಬಿಸುವುದೂ ಇಲ್ಲ ಎಂಬುದನ್ನು ಆಗ ಅವನ ಮಾತಿನಲ್ಲೇ ವಿವರಿಸಿದೆ.

ಆದರೆ ನಿಜವಾಗಿ ನೆರವಾದದ್ದು ಧ್ವನಿ. ಮೆದುಳನ್ನು ಕೂಗಿ ಕೂಗಿ ದಣಿಯುವ ಮೂತ್ರಕೋಶದ ಕಥೆಯೊಂದನ್ನು ಮೊಬೈಲಿನಲ್ಲಿ ಮುದ್ರಿಸಿ, ದೀಪ ಆರಿಸಿದ ಮೇಲೆ ಕೇಳಿಸುತ್ತಿದ್ದೆ. ನಾಚಿಕೆಯ ವಿಷಯವನ್ನು ಮಗು ಎದುರುಬದುರು ಕುಳಿತು ಆಡಲಾರದು, ಕತ್ತಲಲ್ಲಿ ಆಡುತ್ತದೆ. "ನೀ ಸಣ್ಣಾಕಿ ಇದ್ದಾಗ?" ಎಂದು ಅವನು ಕೇಳಿದ. ನಾನೂ ಎಂಟು ವರ್ಷದವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದೆನೆಂದು ಹೇಳಿದೆ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಸುಮಾರು ಶೇ. 44 ಎಂಬ ಲೆಕ್ಕಕ್ಕಿಂತ ಆ ಒಂದು ಮಾತು ಅವನಿಗೆ ಹೆಚ್ಚಿನ ಸಮಾಧಾನ ಕೊಟ್ಟಿತು.

ಒಂದು ತಪ್ಪನ್ನೂ ಹೇಳಲೇಬೇಕು. ಒಣ ರಾತ್ರಿಗೊಂದು ನಕ್ಷತ್ರ ಅಂಟಿಸುವ ಪಟ್ಟಿಯನ್ನು ಗೋಡೆಗೆ ಹಾಕಿದ್ದೆ. ಅವನ ಕೈಯಲ್ಲಿಲ್ಲದ ಸಂಗತಿಗೆ ಬಹುಮಾನವಿಟ್ಟಿದ್ದರಿಂದ ಪಟ್ಟಿಯ ಖಾಲಿ ಮನೆಗಳು ಅವನನ್ನು ದಿನವೂ ದೂರುತ್ತಿದ್ದವು. ಈಗ ಮಲಗುವ ಮುನ್ನ ಒಂದಕ್ಕೆ ಹೋಗಿಬಂದರೆ ನಕ್ಷತ್ರ. ಆರು ತಿಂಗಳು ಹಾಸಿಗೆ ಒದ್ದೆ ಮಾಡದಿದ್ದ ಮಗು ಮತ್ತೆ ಶುರುಮಾಡಿದರೆ, ಹಗಲೂ ಸೋರಿದರೆ, ಉರಿಮೂತ್ರ, ಅತಿ ಬಾಯಾರಿಕೆ ಅಥವಾ ಮಲಬದ್ಧತೆ ಇದ್ದರೆ ವೈದ್ಯರಿಗೆ ತೋರಿಸಬೇಕು.

ವಾರಕ್ಕೆರಡು ಸಲ ಕೌದಿ ಈಗಲೂ ಒದ್ದೆಯಾಗುತ್ತದೆ. ಅದರ ಒಂದು ತುದಿಯನ್ನು ಅವನೇ ಹಿಡಿದು ಅಂಗಳಕ್ಕೆ ಬರುತ್ತಾನೆ.