ಈ ಸಲ ಗುಜರಿಗೆ ಎಷ್ಟು ಹೋಯ್ತು?

ಹಾಸನದಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ (ಲೋಹವನ್ನು ಗರಗರ ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಉಗಿ ಎಂಜಿನ್ನುಗಳ ಪುಟ್ಟ ಮಾದರಿಗಳನ್ನು ಮಾಡುವ ನನಗೆ ಮದುವೆಮನೆಯಲ್ಲಾಗಲಿ, ತರಕಾರಿ ಅಂಗಡಿಯ ಮುಂದಾಗಲಿ ಎದುರಾಗುವ ಪ್ರಶ್ನೆ ಒಂದೇ: “ಏನ್ ಸಾರ್, ಈ ಸಲ ಗುಜರಿಗೆ ಎಷ್ಟು ಹೋಯ್ತು?” ಕೇಳುವವರಿಗೆ ಲೆಕ್ಕ ಬೇಕಿಲ್ಲ, ನಮ್ಮಂಥ ಹವ್ಯಾಸಿಗಳ ಎಡವಟ್ಟಿನ ಕತೆ ಬೇಕು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರು ದಯವಿಟ್ಟು ಇದನ್ನು ಓದಿಕೊಳ್ಳಲಿ.

ಎಡವಟ್ಟುಗಳು ನಗು ಬರಿಸುವಂಥವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲವು ಲೇತುಗಳ ಡಯಲ್, ಲೋಹ ಕತ್ತರಿಸುವ ಟೂಲ್ ಎಷ್ಟು ಮುಂದೆ ಸರಿಯಿತೆಂದು ತೋರಿಸುತ್ತದೆ, ಕೆಲವುಗಳ ಡಯಲ್ ವ್ಯಾಸ ಎಷ್ಟು ಇಳಿಯಿತೆಂದು ತೋರಿಸುತ್ತದೆ. ಎರಡನೆಯ ಬಗೆಗೆ ಒಗ್ಗಿದವರು ಮೊದಲನೆಯ ಬಗೆಯ ಲೇತಿನ ಮುಂದೆ ನಿಂತು ಅರ್ಧ ಮಿಲಿಮೀಟರ್ ಇಳಿಸಲು ಹೊರಟರೆ, ತಿರುಗುವ ಲೋಹ ಎರಡೂ ಬದಿಯಲ್ಲಿ ಅಷ್ಟಷ್ಟು ಸವೆದು ಪೂರ್ತಿ ಒಂದು ಮಿಲಿಮೀಟರ್ ಹೋಗಿರುತ್ತದೆ, ಪಿಸ್ಟನ್ ಸಿಲಿಂಡರಿನೊಳಗೆ ಗಲಗಲ ಎನ್ನುತ್ತದೆ. ರೈಲು ಎಂಜಿನ್ನಿಗೆ ಎಡಕ್ಕೊಂದು, ಬಲಕ್ಕೊಂದು ಸಿಲಿಂಡರ್ ಇದ್ದು, ಒಂದು ಇನ್ನೊಂದರ ಕನ್ನಡಿ ಬಿಂಬದಂತಿರಬೇಕು. ಮೊದಲನೆಯದು ಚೆನ್ನಾಗಿ ಬಂತೆಂಬ ಸಂತೋಷದಲ್ಲಿ ಅದನ್ನೇ ಪಕ್ಕದಲ್ಲಿಟ್ಟುಕೊಂಡು ಎರಡನೆಯದನ್ನೂ ಮಾಡಿದವರ ಬಳಿ ಕೊನೆಗೆ ಎರಡೂ ಎಡದವೇ ಉಳಿದಿವೆ. ನಕ್ಕರೆ ಬೇಸರವಿಲ್ಲ. ನಕ್ಕು ಅಲ್ಲಿಗೇ ಮಾತು ಮುಗಿಸುವುದು ನನಗೆ ಸಹಿಸದು.

ಚಿಕ್ಕಮಗಳೂರಿನ ಒಂದು ಗೃಹಪ್ರವೇಶದಲ್ಲಿ ನಡೆದದ್ದು ಇನ್ನೂ ಕೊರೆಯುತ್ತಿದೆ. ಕಾಫಿ ತೋಟದ ನನ್ನ ಗೆಳೆಯರೊಬ್ಬರು, ತಮ್ಮ ಪಲ್ಪರ್ ಯಂತ್ರವನ್ನು ತಾವೇ ಬಿಚ್ಚಿ ಜೋಡಿಸುವಷ್ಟು ಕೈ ಪಳಗಿದವರು, ಮೂರೂವರೆ ಇಂಚು ಅಗಲದ ಹಳಿಯ ಮೇಲೆ ಓಡುವ ಎಂಜಿನ್ನೊಂದನ್ನು ಮಾಡುತ್ತಿದ್ದರು. ಅದರ ಬಾಯ್ಲರಿಗೆ ನೀರು ಒಯ್ಯುವ ತಾಮ್ರದ ಪೈಪ್ ಸುಮಾರು ಮೂರು ಮಿಲಿಮೀಟರ್ ದಪ್ಪದ್ದು. ಅದನ್ನು ಕೆಂಪಗೆ ಕಾಯಿಸಿ ಮೆದುಮಾಡಿ, ಚಕ್ರಕ್ಕೂ ತಾಗದಂತೆ, ಚೌಕಟ್ಟಿಗೂ ತಾಗದಂತೆ ಎರಡು ಕಡೆ ಬಗ್ಗಿಸಿ, ಎರಡೂ ತುದಿಗೆ ನಿಪ್ಪಲ್ (ನಟ್ಟು ಹಿಡಿದು ಬಿಗಿಯುವ, ಪೈಪಿಗಿಂತ ದಪ್ಪನೆಯ ತುದಿತುಂಡು) ಕೂರಿಸಿ ಬೆಳ್ಳಿಯ ಬೆಸುಗೆ ಹಾಕಿ, ಸಿಟ್ರಿಕ್ ಆಮ್ಲದಲ್ಲಿ ಅದ್ದಿ ತೊಳೆದು ಹೊಳಪು ಬರಿಸಿದರು. ಜೋಡಿಸಲು ಹೋದಾಗ, ಬೆಸುಗೆಗೆ ಮೊದಲೇ ಪೈಪಿಗೆ ತೂರಿಸಬೇಕಾಗಿದ್ದ ನಟ್ಟುಗಳೆರಡೂ ಮೇಜಿನ ಮೇಲೆಯೇ ಇದ್ದವು. ಈ ಕತೆಯನ್ನು ಊಟದ ಪಂಕ್ತಿಯಲ್ಲಿ ಅವರ ಬಾಯಿಂದಲೇ ಹೇಳಿಸಿ, ಅವರ ಷಡ್ಡಕರು, “ನಟ್ ಹಾಕೋದೇ ಮರೆಯೋರು ರೈಲು ಮಾಡ್ತಾರಂತೆ!” ಎಂದರು. ಇಡೀ ಸಾಲು ನಕ್ಕಿತು.

ಆ ಸಾಲಿಗೆ ನನ್ನ ಉತ್ತರವಿದು. ಬೆಸುಗೆ ಬಾರದವನಿಗೆ ಆ ತಪ್ಪು ಮಾಡುವ ಅವಕಾಶವೇ ಬರುವುದಿಲ್ಲ. ಕಾರ್ಖಾನೆಯಲ್ಲಿ ಒಂದೇ ಭಾಗವನ್ನು ಸಾವಿರ ಸಲ ಮಾಡುತ್ತಾರೆ, ಯಾವುದರ ನಂತರ ಯಾವುದೆಂದು ಬರೆದ ಹಾಳೆ ಎದುರಿಗಿರುತ್ತದೆ, ಪರೀಕ್ಷಿಸಲು ಬೇರೆ ಮನುಷ್ಯನಿರುತ್ತಾನೆ. ಹವ್ಯಾಸಿಗೆ ಪ್ರತಿಯೊಂದು ಭಾಗವೂ ಮೊದಲನೆಯದೇ. ನಕ್ಷೆ ಓದುವವನು, ಟರ್ನರ್, ಫಿಟ್ಟರ್, ತಪಾಸಣೆ ಮಾಡುವವನು ಎಲ್ಲವೂ ಅವನೊಬ್ಬನೇ. ಹಳೆಯ ಇಂಗ್ಲಿಷ್ ನಕ್ಷೆಯ ಮುಕ್ಕಾಲು ಇಂಚನ್ನು 19.05 ಮಿಲಿಮೀಟರ್ ಎಂದು ಬದಲಿಸಿಕೊಳ್ಳುತ್ತಲೇ, ಬಾಗಿದ ಪೈಪ್ ಚಕ್ರಕ್ಕೆ ತಾಗೀತೇ ಎಂದೂ ಅವನೇ ಯೋಚಿಸಬೇಕು. ಕಷ್ಟದ ಕೆಲಸದ ಮೇಲೆ ಗಮನವೆಲ್ಲ ನೆಟ್ಟಾಗ ಸುಲಭದ್ದೇ ತಪ್ಪಿಹೋಗುತ್ತದೆ.

ಅದಿರಲಿ. ಆ ಪೈಪ್ ಗುಜರಿಗೆ ಹೋಗಲೇ ಇಲ್ಲ ಎಂಬುದನ್ನು ಪಂಕ್ತಿಯಲ್ಲಿ ಒಬ್ಬರೂ ಕೇಳಿ ತಿಳಿಯಲಿಲ್ಲ. ಬೆಳ್ಳಿಯ ಬೆಸುಗೆ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತಾಮ್ರ ಕರಗಲು 1085 ಡಿಗ್ರಿ ಬೇಕು. ನಡುವೆ ಅಷ್ಟು ಅಂತರವಿರುವುದರಿಂದ ಒಂದು ತುದಿಯನ್ನು ಮತ್ತೆ ಕಾಯಿಸಿ, ನಿಪ್ಪಲನ್ನು ಇಕ್ಕಳದಿಂದ ಎಳೆದು ತೆಗೆದು, ನಟ್ಟುಗಳನ್ನು ತೂರಿಸಿ ಪುನಃ ಬೆಸೆದರು. ಎರಡೂ ಎಡದವಾದ ಸಿಲಿಂಡರುಗಳಲ್ಲಿ ಒಂದರ ಉಗಿದಾರಿಗಳಿಗೆ ಲೋಹದ ಬಿರಡೆ ಬೆಸೆದು ಮುಚ್ಚಿ, ಎದುರು ಮಗ್ಗುಲಲ್ಲಿ ಹೊಸದಾಗಿ ಕೊರೆದು ಬಲದ್ದಾಗಿಸಿದವರೂ ಇದ್ದಾರೆ. ಹಾಳಾದದ್ದನ್ನು ಹೇಗೆ ಉಳಿಸಿಕೊಂಡಿರಿ ಎಂದು ಯಾರಾದರೂ ಕೇಳಿದರೆ ನಾನು ಊಟ ಬಿಟ್ಟು ಎದ್ದು ಹೇಳಿಯೇನು.

ಕೇಳದಿದ್ದರೂ ಒಂದನ್ನು ಹೇಳುತ್ತೇನೆ. ತೂತಿನೊಳಗೆ ಥ್ರೆಡ್ (ಸ್ಕ್ರೂ ಕೂರುವ ಸುರುಳಿ ಗೀರು) ಕೊರೆಯುವ ಟ್ಯಾಪ್ ಎಂಬ ಉಪಕರಣ ಗಟ್ಟಿ ಉಕ್ಕಿನದು. ಎರಡು ಮಿಲಿಮೀಟರಿನ ಟ್ಯಾಪನ್ನು ಕೂದಲೆಳೆಯಷ್ಟು ಓರೆಯಾಗಿ ತಿರುಗಿಸಿದರೂ ಟಕ್ಕೆಂದು ಮುರಿದು ಒಳಗೇ ಉಳಿಯುತ್ತದೆ, ಸಾಮಾನ್ಯ ಡ್ರಿಲ್ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಭಾಗ ಹಿತ್ತಾಳೆಯದಾದರೆ ದಿನಸಿ ಅಂಗಡಿಯ ಪಟಿಕವೇ ಮದ್ದು. ಪಟಿಕವನ್ನು ಪುಡಿ ಮಾಡಿ, ಗಾಜಿನ ಪಾತ್ರೆಯ ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕರಗಿಸಿ, ಭಾಗವನ್ನು ಅದರಲ್ಲಿ ಮುಳುಗಿಸಿ, ನೀರಿನ ಬಿಸಿ ಆರದಂತೆ ನೋಡಿಕೊಳ್ಳಬೇಕು. ಸ್ವಲ್ಪ ಹೊತ್ತಿಗೆ ಮುರಿದ ಟ್ಯಾಪಿನಿಂದ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ. ಟ್ಯಾಪಿನ ದಪ್ಪ ನೋಡಿಕೊಂಡು ಕೆಲವು ಗಂಟೆಯೋ, ಒಂದೆರಡು ದಿನವೋ ಕಳೆದರೆ ಉಕ್ಕು ಕಪ್ಪು ಕೆಸರಾಗಿ, ಗುಂಡುಸೂಜಿಯಿಂದ ಕೆದಕಿದರೆ ಉದುರಿ ಬೀಳುತ್ತದೆ. ಹಿತ್ತಾಳೆಯಲ್ಲಿ ಕೊರೆದ ಥ್ರೆಡ್ ಮಾತ್ರ ಹಾಗೆಯೇ ಉಳಿದಿರುತ್ತದೆ. ಅದೇ ಭಾಗದಲ್ಲಿ ಉಕ್ಕಿನ ಸ್ಕ್ರೂ, ಪಿನ್ನು ಇದ್ದರೆ ಮೊದಲೇ ಬಿಚ್ಚಿಡಬೇಕು, ಇಲ್ಲವಾದರೆ ಅವೂ ಕರಗುತ್ತವೆ.

ಎರಕದ ಕಬ್ಬಿಣದ ಸಿಲಿಂಡರಿಗೆ ಈ ಉಪಾಯ ನಡೆಯದು, ಪಟಿಕ ಅದನ್ನೂ ತಿನ್ನುತ್ತದೆ. ಅಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಯಂತ್ರವಿರುವ ವರ್ಕ್‌ಶಾಪ್ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತಬೇಕು. ಅದೂ ಆಗದಿದ್ದರೆ ಸ್ಕ್ರೂಗಳ ಜಾಗಗಳನ್ನೆಲ್ಲ ಸ್ವಲ್ಪ ಸರಿಸಿ ಹೊಸ ತೂತು ಹಾಕಿ, ಮುಚ್ಚಳವನ್ನು ಅದಕ್ಕೆ ತಕ್ಕಂತೆ ಮತ್ತೊಂದು ಮಾಡಿಕೊಳ್ಳಬೇಕು.