ಕೊಲೆಗಿಂತ ಮುಂಚೆಯೇ ಮುಗಿಯುವ ಸಿನಿಮಾ

‘ಮೈ ಫ್ರೆಂಡ್ ಡಾಮರ್’ (2017) ನೋಡಲು ಕೂತು ರಕ್ತಪಾತಕ್ಕೆ ಕಾದರೆ ನಿರಾಸೆ ಗ್ಯಾರಂಟಿ. 1978ರಲ್ಲಿ ಅಮೆರಿಕದ ಒಹಾಯೊದಲ್ಲಿ ಹೈಸ್ಕೂಲು ಮುಗಿಸುವ, ಮುಂದೆ ಸರಣಿ ಹಂತಕನಾದ ಜೆಫ್ರಿ ಡಾಮರ್‌ನ ಕಥೆ ಮೊದಲ ಕೊಲೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಸಹಪಾಠಿ ಡರ್ಫ್ ಬ್ಯಾಕ್‌ಡರ್ಫ್ ಬರೆದ ಗ್ರಾಫಿಕ್ ಪುಸ್ತಕವೇ ಆಧಾರ. ನಿರ್ದೇಶಕ ಮಾರ್ಕ್ ಮೈಯರ್ಸ್ ಶೂಟಿಂಗ್ ಮಾಡಿದ್ದು ಡಾಮರ್ ಬೆಳೆದ ಅದೇ ಮನೆಯಲ್ಲಿ.

ಡಾಮರ್ ಆಗಿ ನಟಿಸಿದ ರಾಸ್ ಲಿಂಚ್ ನಡಿಗೆ ಗಮನಿಸಿ: ಭುಜ ಕುಗ್ಗಿದೆ, ತೋಳು ಬೀಸುವುದೇ ಇಲ್ಲ. ಡಿಸ್ನಿ ಚಾನೆಲ್ಲಿನ ಹಾಡುವ ಹುಡುಗ ಇವನೇ ಅಂದರೆ ನಂಬಿಕೆ ಬರಲ್ಲ! ರಸ್ತೆಯಲ್ಲಿ ಸತ್ತ ಪ್ರಾಣಿಗಳನ್ನು ಹೆಕ್ಕಿ ತಂದು, ಶೆಡ್ಡಿನಲ್ಲಿ ಜಾಡಿಗೆ ಹಾಕಿ, ಆಸಿಡ್‌ನಲ್ಲಿ ಮಾಂಸ ಕರಗಿಸಿ ಮೂಳೆ ಬಿಡಿಸುತ್ತಾನೆ. ಕೆಮಿಸ್ಟ್ ಅಪ್ಪ ಅದನ್ನು ನಿಲ್ಲಿಸಿ, ಫ್ರೆಂಡ್ಸ್ ಮಾಡಿಕೋ ಅಂತಾನೆ. ಫಿಟ್ಸ್ ಬಂದವರಂತೆ ನಟಿಸಿದರೆ ಹುಡುಗರು ನಗುತ್ತಾರೆ, ಅದೇ ಅವನಿಗೆ ಸಿಕ್ಕ ಸ್ನೇಹ. ಮಾಲ್‌ನಲ್ಲಿ ಹಾಗೆ ಆಡಲು ದುಡ್ಡೂ ಸೇರಿಸಿ ಕೊಡುತ್ತಾರೆ. ಆ ದೃಶ್ಯ ಉದ್ದವಾಯಿತು ಅನ್ನಿಸುತ್ತದೆ, ಆದರೆ ಬೇಕೆಂದೇ ಎಳೆದಿದ್ದಾರೆ. ನೋಡುವವರ ನಗು ಅಲ್ಲೇ ಒಣಗಬೇಕು.

ಸಿನಿಮಾ ಸೋಲುವುದು ದೊಡ್ಡವರ ವಿಷಯದಲ್ಲಿ. ಹುಡುಗ ಶಾಲೆಗೇ ಕುಡಿದು ಬಂದರೂ ಮೇಷ್ಟರು ಯಾಕೆ ಕೇಳಲಿಲ್ಲ ಅಂತ ಪುಸ್ತಕ ಸಿಟ್ಟಿನಿಂದಲೇ ಕೇಳುತ್ತದೆ. ತೆರೆಯ ಮೇಲೆ ಆ ಸಿಟ್ಟು ತೆಳುವಾಗಿದೆ. ಇದೇ ಹುಡುಗ ವಾಷಿಂಗ್ಟನ್ ಪ್ರವಾಸದಲ್ಲಿ ಫೋನ್ ಮಾಡಿ ಅಮೆರಿಕದ ಆಗಿನ ಉಪಾಧ್ಯಕ್ಷ ಮಾಂಡೇಲ್‌ರ ಭೇಟಿ ಗಿಟ್ಟಿಸಿದ್ದ. ಅದು ಕಟ್ಟುಕಥೆಯಲ್ಲ.